ಕುರ್ಚಿ ಹಾಕುವವರಿಗೂ ಕುರ್ಚಿ ಸಿಗಲಿ



ಸೇವಾ ಸಂಸ್ಥೆಗಳ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ.

ಬೆಳಗಿನ ಗೋಷ್ಠಿಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬಂತು: ಈಗಿನ ಹುಡುಗರು ದಾನಧರ್ಮದ ಕಡೆ ಯಾಕೆ ತಲೆ ಹಾಕುವುದಿಲ್ಲ? ನನ್ನ ಅನುಭವ ಬೇರೆ. ಅವರು ಬರುತ್ತಾರೆ. ಪೆಂಡಾಲು ಹಾಕಲು, ಊಟ ಬಡಿಸಲು, ಕುರ್ಚಿ ಜೋಡಿಸಲು ಕರೆದಾಗಲೆಲ್ಲ ಬರುತ್ತಾರೆ. ಆದರೆ ಆಯವ್ಯಯದ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ. ಹಣ ಯಾವುದಕ್ಕೆ ಹೋಗಬೇಕು, ಯಾವ ಹಳ್ಳಿಗೆ ಮೊದಲು ಹೋಗಬೇಕು ಎಂದು ಯಾರೂ ಕೇಳುವುದಿಲ್ಲ. ದುಡಿಮೆಗೆ ಬೇಕು, ನಿರ್ಧಾರಕ್ಕೆ ಬೇಡ ಎಂದರೆ ಯಾರಿಗಾದರೂ ಸಂಸ್ಥೆ ತನ್ನದೆನ್ನಿಸೀತೆ? ತನ್ನದೆನ್ನಿಸದ ಕಡೆಗೆ ಕೈ ಬಿಚ್ಚಿ ಕೊಡುವವರುಂಟೆ?

ನಾವು ಇಂದು ಹೆಮ್ಮೆಯಿಂದ ಹೆಸರು ಹೇಳುವ ಸಂಸ್ಥೆಗಳು ಯಾರ ಕೈಯಲ್ಲಿ ಹುಟ್ಟಿದವು, ಒಮ್ಮೆ ನೆನೆಯೋಣ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆ ತೆರೆದರು. ಅವರಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು ಆಗಿನ್ನೂ ಇಪ್ಪತ್ತರ ಹರೆಯದವರು. ಸರ್ಕಾರಿ ನೌಕರಿ ಹಿಡಿದು ಸುಖವಾಗಿರಬಹುದಾಗಿದ್ದವರು ತಮ್ಮ ಆಯುಷ್ಯವನ್ನೇ ಶಾಲೆಗೆ ಒಪ್ಪಿಸಿದರು. ಅದೇ ಇಂದಿನ ಕೆ.ಎಲ್.ಇ. ಸಂಸ್ಥೆ. ವಂಟಮುರಿಯ ಲಖಮಗೌಡ ಸರದೇಸಾಯರಂಥ, ಭೂಮರಡ್ಡಿಯವರಂಥ ದೊಡ್ಡ ದಾನಿಗಳು ಕೈ ಜೋಡಿಸಿದ್ದು ಅದರ ನಂತರ. ಮೊದಲು ತರುಣರ ದುಡಿಮೆ, ಆಮೇಲೆ ಹಿರಿಯರ ಹಣ. ಈ ಕ್ರಮವನ್ನು ದಯವಿಟ್ಟು ಗಮನಿಸಿ.

1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದಾಗ ಡಾ. ಎಚ್. ಸುದರ್ಶನ್ ಅವರಿಗೆ ಮೂವತ್ತರ ಆಸುಪಾಸು. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಆಗಿನ್ನೂ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು. ವೈದ್ಯರಿಗೆ ಬರುತ್ತಿದ್ದ ಔಷಧಿಗಳ ಸ್ಯಾಂಪಲ್ ಕೂಡಿಸಿ ಬಡ ರೋಗಿಗಳಿಗೆ ಹಂಚುವುದರಿಂದ, ರಕ್ತದಾನ ಮಾಡಿಸುವುದರಿಂದ ಅವರ ಕೆಲಸ ಶುರುವಾಯಿತು. ಮುಂದೆ ಅದು ಹೆಗ್ಗಡದೇವನಕೋಟೆಯ ಕಾಡಂಚಿನ ಜೇನುಕುರುಬ, ಕಾಡುಕುರುಬರ ಹಾಡಿಗಳನ್ನು ಮುಟ್ಟಿತು, ಸರಗೂರಿನಲ್ಲಿ ಆಸ್ಪತ್ರೆಯಾಗಿ ನಿಂತಿತು. ವಯಸ್ಸಾಗಲಿ, ಅನುಭವ ಬರಲಿ ಎಂದು ಇವರನ್ನು ಯಾರಾದರೂ ಕಾಯಿಸಿದ್ದರೆ ಆ ಹಾಡಿಗಳೂ ಕಾಯಬೇಕಾಗುತ್ತಿತ್ತು.

ಇನ್ನು ಹತ್ತಿರದ ಒಂದು ಸಂಗತಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯರು ಉಕ್ಕಿ ಊರುಗಳನ್ನು ನುಂಗಿದಾಗ ಮನೆಮನೆಗಳಿಂದ ರೊಟ್ಟಿಯ ಗಂಟುಗಳು ಹೊರಟವು. ಅದು ನಮ್ಮ ಜನರ ದೊಡ್ಡ ಮನಸ್ಸು. ಒಂದು ಸಂಗ್ರಹ ಕೇಂದ್ರದಲ್ಲಿ ಕಾಲೇಜು ಹುಡುಗಿಯರ ಒಂದು ಗುಂಪನ್ನು ನಾನು ನೋಡಿದೆ. ಲಾರಿ ತುಂಬುವ ಮೊದಲು ಅವರು ಪ್ರತಿ ಪರಿಹಾರ ಕೇಂದ್ರಕ್ಕೂ ಫೋನ್ ಮಾಡುತ್ತಿದ್ದರು. ನಿಮಗೆ ಏನು ಬೇಕು, ಏನು ಬಂದಿದೆ, ಏನು ಬಂದಿಲ್ಲ ಎಂದು ಕೇಳಿ ಮೊಬೈಲಿನಲ್ಲಿ ಪಟ್ಟಿ ಮಾಡುತ್ತಿದ್ದರು. ಒಂದೂರಿಗೆ ಹಳೆಯ ಸೀರೆಗಳ ರಾಶಿಯೇ ಬಂದುಬಿದ್ದಿತ್ತು, ದನಗಳಿಗೆ ಮೇವಿರಲಿಲ್ಲ. ಇನ್ನೊಂದೂರಿನಲ್ಲಿ ಅಕ್ಕಿ ಬೇಕಾದಷ್ಟಿತ್ತು, ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಇರಲಿಲ್ಲ. ಕೇಳಲು ಅವರಿಗೆ ಸಂಕೋಚ. ಈ ಹುಡುಗಿಯರು ಕೇಳಿ ತಿಳಿದುಕೊಂಡರು, ಲಾರಿಯ ದಾರಿ ಬದಲಿಸಿದರು. ಕೊಡುವ ಮೊದಲು ಕೇಳಬೇಕು ಎಂಬ ವಿವೇಕ ಅದು. ಮುಂದಾಳುತನ ಎಂದರೆ ನನ್ನ ಪಾಲಿಗೆ ಅದೇ.

ಇಂಥವರನ್ನು ತಯಾರು ಮಾಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲದಿಲ್ಲ. ಗಾಂಧಿ ಜನ್ಮಶತಾಬ್ದಿಯ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ (ಎನ್.ಎಸ್.ಎಸ್.) ಇಂದಿಗೂ ಸ್ವಯಂಸೇವಕರಿಂದ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಕೇಳುತ್ತದೆ, ಏಳು ದಿನ ಹಳ್ಳಿಯಲ್ಲಿ ಶಿಬಿರ ನಡೆಸುತ್ತದೆ. ಪದವಿ ಮುಗಿದ ಮರುದಿನ ಆ ಹುಡುಗ, ಆ ಹುಡುಗಿ ಯಾವ ಬಾಗಿಲು ತಟ್ಟಬೇಕು? ನಮ್ಮ ಸಂಸ್ಥೆಗಳ ಬಾಗಿಲನ್ನೇ ತಟ್ಟಬೇಕು. ಅದು ತೆರೆದಿರಬೇಕು.

ಹಣದ ಮಾತಿಗೆ ಬರುತ್ತೇನೆ. ತೆರಿಗೆ ವಿನಾಯಿತಿಯ 80ಜಿ ರಸೀದಿ ತೋರಿಸಿ ದಾನ ಕೇಳುವುದು ನಮಗೆ ರೂಢಿ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಸಿಗುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಅನೇಕರು ಆ ಪದ್ಧತಿಯಲ್ಲೇ ಇದ್ದಾರೆ. ಅವರನ್ನು ಸೆಳೆಯಬೇಕಾದದ್ದು ಕೆಲಸ ಮತ್ತು ಲೆಕ್ಕದ ಮೇಲಿನ ನಂಬಿಕೆ. ಮೊತ್ತ ಸಣ್ಣದಿರಲಿ, ತಪ್ಪದೆ ಬರಲಿ. 1928ರಲ್ಲಿ ಉಡುಪಿಯ ಡಾ. ಟಿ.ಎಂ.ಎ. ಪೈ ಅವರ ಬ್ಯಾಂಕು ಪಿಗ್ಮಿ ಯೋಜನೆ ತಂದು ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲಿ ಸಂಗ್ರಹಿಸಿತು. ಅದು ಉಳಿತಾಯದ ಯೋಜನೆ, ದಾನದ್ದಲ್ಲ, ನಿಜ. ಆದರೆ ಸಣ್ಣ ಮೊತ್ತವನ್ನು ಗೌರವದಿಂದ, ದಿನವೂ ತಪ್ಪದೆ ಪಡೆಯುವ ಆ ಶಿಸ್ತು ನಮಗೆ ಬೇಕು. ಈಗ ಯುಪಿಐ ಇದೆ. ತಿಂಗಳಿಗೆ ನೂರು ರೂಪಾಯಿ ಕೊಡುವವರ ಹೆಸರನ್ನೂ ಲಕ್ಷ ಕೊಡುವವರ ಹೆಸರಿನ ಪಕ್ಕದಲ್ಲೇ ಬರೆಯೋಣ.

ಆದ್ದರಿಂದ ಸಭೆಯ ಮುಂದೆ ಮೂರು ಸಲಹೆ ಇಡುತ್ತೇನೆ.

ಒಂದು: ಪ್ರತಿ ಸಂಸ್ಥೆಯ ಕಾರ್ಯಕಾರಿ ಸಮಿತಿಯಲ್ಲಿ ಮೂವತ್ತು ದಾಟದ ಇಬ್ಬರಿಗೆ, ಅದರಲ್ಲಿ ಒಬ್ಬ ಹೆಣ್ಣುಮಗಳಿಗೆ, ಮತದ ಹಕ್ಕಿರುವ ಸ್ಥಾನ ಇರಲಿ. “ವಿಶೇಷ ಆಹ್ವಾನಿತರು” ಎಂದು ಗೋಡೆಯ ಪಕ್ಕ ಕೂರಿಸುವುದು ಸಾಲದು. ಸಹ ಖಜಾಂಚಿಯ ಹೊಣೆ ಅವರಲ್ಲೊಬ್ಬರದಾಗಲಿ.

ಎರಡು: ವರ್ಷದ ದೇಣಿಗೆಯಲ್ಲಿ ಹತ್ತನೇ ಒಂದು ಭಾಗವನ್ನು ತರುಣರೇ ತೀರ್ಮಾನಿಸಿ ಖರ್ಚು ಮಾಡಲಿ, ಅವರೇ ಲೆಕ್ಕ ಒಪ್ಪಿಸಲಿ. ಒಂದೆರಡು ತೀರ್ಮಾನ ಎಡವಬಹುದು. ಆ ಹಣ ವ್ಯರ್ಥವಲ್ಲ, ಅದು ಕಲಿಕೆಯ ಶುಲ್ಕ.

ಮೂರು: ಜಮಾಖರ್ಚು ವಾರ್ಷಿಕ ವರದಿಯ ಕೊನೆಯ ಪುಟದಲ್ಲಿ ಅಡಗಿರುವುದು ಬೇಡ. ಪ್ರತಿ ತಿಂಗಳೂ ನೋಟಿಸ್ ಬೋರ್ಡಿನಲ್ಲಿ, ವಾಟ್ಸಾಪಿನಲ್ಲಿ ಎಲ್ಲರಿಗೂ ಕಾಣಲಿ.

ತರುಣ ಮಿತ್ರರೆ, ನಿಮ್ಮಿಂದಲೂ ನಿರೀಕ್ಷೆ ಇದೆ. ಸ್ಥಾನ ಸಿಕ್ಕ ಮೇಲೆ ಲೆಕ್ಕದ ಪುಸ್ತಕ ಓದುವುದನ್ನು ಕಲಿಯಿರಿ, ಸಭೆ ತಪ್ಪಿಸಬೇಡಿ. ಪಡೆಯುವವರ ಮುಖ ಮುಂದಿಟ್ಟು ಫೋಟೊ ಹಾಕಬೇಡಿ. ಅವರ ಮಾನ ನಮ್ಮ ಪ್ರಚಾರಕ್ಕಿಂತ ದೊಡ್ಡದು. ನೆರೆ ಬಂದಾಗ ಓಡಿ ಬರುವ ನೀವು, ನೆರೆ ಇಳಿದ ಮೇಲೂ ಶಾಲೆಯ ಸೋರುವ ಮಾಡನ್ನು ನೋಡಲು ಬನ್ನಿ. ಹಿರಿಯರ ಮಾತು ಕೇಳಿ, ಒಪ್ಪದಿದ್ದರೆ ವಿನಯದಿಂದ ಎದುರು ಮಾತಾಡಿ.

ಹಿರಿಯ ಬಂಧುಗಳೆ, ಸಂಸ್ಥೆ ಕಟ್ಟುವುದು ಎಷ್ಟು ಕಷ್ಟವೋ ಅದನ್ನು ಸಕಾಲದಲ್ಲಿ ಒಪ್ಪಿಸಿಕೊಡುವುದೂ ಅಷ್ಟೇ ಕಷ್ಟ. ಎರಡನ್ನೂ ಮಾಡಿದವರ ಸಂಸ್ಥೆಗಳೇ ನೂರು ವರ್ಷ ಬಾಳುತ್ತವೆ. ಈ ಮೂರು ಸಲಹೆಗಳನ್ನು ಠರಾವಿನ ರೂಪದಲ್ಲಿ ಈಗಲೇ ಮಂಡಿಸುತ್ತೇನೆ. ಚರ್ಚೆಯಾಗಲಿ, ತಿದ್ದುಪಡಿ ಬರಲಿ. ಮೊದಲು ಮಾತಾಡುವ ಅವಕಾಶ ಹಿಂದೆ ನಿಂತಿರುವ ಸ್ವಯಂಸೇವಕರಿಗೆ. ಮುಂದೆ ಬನ್ನಿ, ಮೈಕು ನಿಮ್ಮದು.