ಕಡತದ ಬಾಲ ನೋಡಿ

ಮಳೆಗಾಲದಲ್ಲಿ ಬಣಕಲ್‌ನ ಕಾಫಿ ತೋಟಕ್ಕೆ ಇಳಿದವರಿಗೆ ಇಂಬಳದ ಪರಿಚಯ ಇದ್ದೇ ಇರುತ್ತದೆ. ಅದು ಹತ್ತಿದ್ದು ತಿಳಿಯುವುದು ರಕ್ತ ಕಂಡ ಮೇಲೆ. ಇ-ಮೇಲ್ ಜೊತೆ ಬರುವ ಕೆಲವು ಲಗತ್ತುಗಳೂ ಹೀಗೆಯೇ.

ಬೇಡದ ಜಾಹೀರಾತು ಪತ್ರ ಹೊಸದಲ್ಲ. 1978ರಲ್ಲೇ ಅಮೆರಿಕದ ಅರ್ಪಾನೆಟ್ ಜಾಲದ ನೂರಾರು ಮಂದಿಗೆ ಅಂಥದೊಂದು ಹೋಗಿತ್ತು. ಉತ್ತರಿಸದೆ ಅಳಿಸಿದರೆ ಆಯಿತು. ಲಗತ್ತಿನ ಮಾತು ಬೇರೆ. 1999ರ ಮೆಲಿಸ್ಸಾ ವೈರಸ್ ವರ್ಡ್ ಕಡತದಲ್ಲಿ ಅಡಗಿತ್ತು. ತೆರೆದವರ ವಿಳಾಸ ಪಟ್ಟಿಯ ಮೊದಲ 50 ವಿಳಾಸಗಳಿಗೆ, ಅವರದೇ ಹೆಸರಿನಲ್ಲಿ ಹೊರಟುಬಿಡುತ್ತಿತ್ತು! 2000ದ ಮೇ ತಿಂಗಳಲ್ಲಿ ಬಂದ 'ಐ ಲವ್ ಯೂ' ಇನ್ನೂ ಜಾಣ. ಕಡತದ ಹೆಸರಿನಲ್ಲಿ 'ಟಿಎಕ್ಸ್‌ಟಿ' ಎಂದಿತ್ತು; ಅದರಾಚೆ 'ವಿಬಿಎಸ್' ಎಂಬ ಇನ್ನೊಂದು ಬಾಲ. ವಿಂಡೋಸ್ ಆ ಕೊನೆಯ ಬಾಲವನ್ನು ತೋರಿಸುತ್ತಿರಲಿಲ್ಲ. ಸೆಟ್ಟಿಂಗ್ ಬದಲಿಸದಿದ್ದರೆ ಈಗಲೂ ತೋರಿಸದು. ಸಾದಾ ಬರಹವೆಂದು ಜನ ತೆರೆದರು.

ಆದ್ದರಿಂದ ಗೆಳೆಯನ ಹೆಸರು ಕಂಡ ಮಾತ್ರಕ್ಕೆ ತೆರೆಯಬೇಡಿ. ವಿದ್ಯಾರ್ಥಿವೇತನದ ಪಟ್ಟಿ ಎಂದು ಬಂದದ್ದರ ಕೊನೆಯಲ್ಲಿ 'ಇಎಕ್ಸ್‌ಇ' ಇದ್ದರೆ, ಮೊಬೈಲಿನಲ್ಲಾದರೆ 'ಎಪಿಕೆ' ಇದ್ದರೆ, ಅದು ಪಟ್ಟಿಯಲ್ಲ, ಪ್ರೋಗ್ರಾಂ. ಅನುಮಾನ ಬಂದರೆ ಕಳುಹಿಸಿದವರನ್ನೇ ಫೋನಿನಲ್ಲಿ ಕೇಳಿ. ಬಣಕಲ್‌ನಂಥ ಊರಿನಲ್ಲಿ ಮನೆಗೇ ಹೋಗಿ ಕೇಳಿದರೂ ಆದೀತು. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.