ಬೀಗ ಬಿದ್ದ ಚರ್ಚು, ನಿಲ್ಲದ ಪ್ರಾರ್ಥನೆ

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಶ್ರೀಲಂಕಾದ ಕೊಲಂಬೊ ನಗರದ ಕೊಚ್ಚಿಕಡೆಯ ಸಂತ ಅಂತೋಣಿ ಪುಣ್ಯಕ್ಷೇತ್ರವೂ ನೆಗೊಂಬೊ ಬಳಿಯ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚೂ ಕಿಕ್ಕಿರಿದಿದ್ದವು. ಆತ್ಮಾಹುತಿ ಬಾಂಬರ್‌ಗಳು ಒಳಹೊಕ್ಕದ್ದು ಆಗಲೇ. ಪೂರ್ವ ಕರಾವಳಿಯ ಬಟ್ಟಿಕಲೋವಾದಲ್ಲಿ ಜಿಯಾನ್ ಚರ್ಚಿನ ಅಂಗಳದಲ್ಲಿ ಸಿಡಿದ ಬಾಂಬು ಭಾನುವಾರದ ಪಾಠ ಮುಗಿಸಿ ಹೊರಬಂದಿದ್ದ ಮಕ್ಕಳನ್ನು ಬಲಿ ತೆಗೆದುಕೊಂಡಿತು. ದಾಳಿಗೆ ಗುರಿಯಾದ ಹೋಟೆಲುಗಳಲ್ಲಿ ಸತ್ತವರೂ ಸೇರಿ 260ಕ್ಕೂ ಹೆಚ್ಚು ಜನ ಇಲ್ಲವಾದರು. ಲೋಕಸಭಾ ಚುನಾವಣೆಯ ಮತದಾನ ಮುಗಿಸಿಕೊಂಡು ಪ್ರವಾಸ ಹೋಗಿದ್ದ ಕರ್ನಾಟಕದ ಜೆಡಿಎಸ್ ಕಾರ್ಯಕರ್ತರೂ ಅವರಲ್ಲಿದ್ದರು.

ಮತ್ತೆ ದಾಳಿಯಾಗುವ ಭಯವಿತ್ತು. ಕೊಲಂಬೊದ ಆರ್ಚ್‌ಬಿಷಪ್ ಕಾರ್ಡಿನಲ್ ಮಾಲ್ಕಂ ರಂಜಿತ್ ಸಾರ್ವಜನಿಕ ಬಲಿಪೂಜೆಗಳನ್ನು ನಿಲ್ಲಿಸಿದರು. ಮುಂದಿನ ಭಾನುವಾರ ಅವರು ತಮ್ಮ ನಿವಾಸದ ಪ್ರಾರ್ಥನಾಲಯದಲ್ಲಿ ಅರ್ಪಿಸಿದ ಪೂಜೆಯನ್ನು ಜನ ಮನೆಯಲ್ಲೇ ಟಿವಿಯ ಮುಂದೆ ಕೂತು ನೋಡಿದರು.

ಲಂಕೆಯ ಕಥೋಲಿಕರಿಗೆ ಮನೆಯೊಳಗಿನ ಪ್ರಾರ್ಥನೆ ಹೊಸದೇನಲ್ಲ. 1658ರಲ್ಲಿ ಪೋರ್ಚುಗೀಸರನ್ನು ಹೊರಗಟ್ಟಿದ ಡಚ್ಚರು ಕಥೋಲಿಕ ಪಂಥವನ್ನು ನಿಷೇಧಿಸಿ, ಪಾದ್ರಿಗಳನ್ನು ಓಡಿಸಿದರು. ಜನ ಕದ ಮುಚ್ಚಿಕೊಂಡು ಜಪಸರ ಹಿಡಿದರು. ಇವರನ್ನು ಹುಡುಕಿಕೊಂಡು 1687ರಲ್ಲಿ ಗೋವೆಯ ಧರ್ಮಗುರು ಜೋಸೆಫ್ ವಾಜ್ ವೇಷ ಮರೆಸಿಕೊಂಡು ಜಾಫ್ನಾಕ್ಕೆ ಬಂದಿಳಿದರು. ಅದಕ್ಕೂ ಮೊದಲು ಅವರು ನಮ್ಮ ಕೆನರಾ ಕರಾವಳಿಯಲ್ಲಿ ದುಡಿದವರು. ಮಂಗಳೂರಿನ ಹತ್ತಿರದ ಮುಡಿಪಿನಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಕ್ಯಾಂಡಿಯಲ್ಲಿ ಗೂಢಚಾರನೆಂಬ ಶಂಕೆಯ ಮೇಲೆ ಸೆರೆಮನೆ ಕಂಡರೂ ವಾಜ್ ಜಗ್ಗಲಿಲ್ಲ. ಕ್ಯಾಂಡಿಯ ಬೌದ್ಧ ಅರಸೊತ್ತಿಗೆಯೇ ಕೊನೆಗೆ ಅವರಿಗೆ ಆಸರೆಯಾದದ್ದು ಈ ಚರಿತ್ರೆಯ ಅತ್ಯಂತ ಸುಂದರ ಭಾಗ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊಗೇ ಬಂದು ಅವರನ್ನು ಸಂತರೆಂದು ಸಾರಿದರು.

ಕೊಚ್ಚಿಕಡೆಯ ಕಥೆಯ ಬೇರೂ ಡಚ್ಚರ ಕಾಲದಲ್ಲೇ ಇದೆ. ಅಡಗಿ ಓಡಾಡುತ್ತಿದ್ದ ಪಾದ್ರಿಯೊಬ್ಬರು ಅಲ್ಲಿನ ಬೆಸ್ತರ ಕೋರಿಕೆಯಂತೆ ಪ್ರಾರ್ಥಿಸಿ ಕಡಲ್ಕೊರೆತ ನಿಲ್ಲಿಸಿದರು ಎನ್ನುತ್ತದೆ ಐತಿಹ್ಯ. ಮಂಗಳವಾರ ಬಂತೆಂದರೆ ಇಲ್ಲಿ ಬೌದ್ಧರು, ಹಿಂದೂಗಳು, ಮುಸ್ಲಿಮರು ಕೂಡ ಮೊಂಬತ್ತಿ ಹಚ್ಚಿ ಹರಕೆ ಹೊರುತ್ತಾರೆ. ಬಾಂಬು ಸಿಡಿದದ್ದು ಇಂಥ ಜಾಗದಲ್ಲಿ. ನೌಕಾಪಡೆಯವರು ಕೈಜೋಡಿಸಿ ದುರಸ್ತಿ ಮಾಡಿದ ಮೇಲೆ 2019ರ ಜೂನ್ 12ರಂದು, ಅಂತೋಣಿಯವರ ಹಬ್ಬದ ಮುನ್ನಾದಿನ, ಅದರ ಬಾಗಿಲು ತೆರೆಯಿತು.

ಕಟುವಾಪಿಟಿಯದವರು ನೆತ್ತರು ಸಿಡಿದ ಪುನರುತ್ಥಿತ ಕ್ರಿಸ್ತನ ಪ್ರತಿಮೆಯನ್ನು ತೊಳೆಯಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದರು. ದುಃಖವನ್ನು ಹೀಗೆ ಕಣ್ಣೆದುರೇ ಇಟ್ಟುಕೊಂಡು ಮಂಡಿಯೂರುವುದಕ್ಕೆ ಎಷ್ಟು ಎದೆಗಾರಿಕೆ ಬೇಕು!

2019ರ ಮೇ ತಿಂಗಳಲ್ಲಿ ಬಾಂಬ್ ದಾಳಿಯ ಸೇಡಿಗೆಂದು ಗುಂಪುಗಳು ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳ ಮೇಲೆ ಬಿದ್ದಾಗ ಕಾರ್ಡಿನಲ್ ಕೈಮುಗಿದು ಶಾಂತಿ ಕೇಳಿದರು. ಕೊರೊನಾದಿಂದ ಚರ್ಚುಗಳಿಗೆ ಮತ್ತೆ ಬೀಗ ಬಿದ್ದಿದ್ದ 2020ರ ಈಸ್ಟರ್ ಉಪದೇಶದಲ್ಲಿ, ದಾಳಿಕೋರರನ್ನು ಕ್ಷಮಿಸಿದ್ದೇವೆ ಎಂದರು. ಹಾಗೆಂದು ಮೌನ ತಾಳಲಿಲ್ಲ. ಭಾರತದ ಗುಪ್ತಚರರು ಮುಂಚೆಯೇ ಎಚ್ಚರಿಸಿದ್ದರೂ ಸರ್ಕಾರ ಯಾಕೆ ತಡೆಯಲಿಲ್ಲ, ಸಂಚಿನ ಹಿಂದಿದ್ದವರು ಯಾರು ಎಂದು ಬಿಡದೆ ಕೇಳಿದರು. 2021ರ ಮಾರ್ಚ್ 7ರಂದು ಭಕ್ತರು ಕಪ್ಪು ಬಟ್ಟೆ ತೊಟ್ಟು ಪೂಜೆಗೆ ಬಂದರು. ಕ್ಷಮೆ ಮತ್ತು ನ್ಯಾಯದ ಬೇಡಿಕೆ ಒಂದೇ ಪ್ರಾರ್ಥನೆಯಲ್ಲಿ ಸೇರಿದ್ದೇ ಲಂಕೆಯ ಕ್ರೈಸ್ತರ ದೊಡ್ಡ ಸಾಧನೆ. ಹಾಗೆ ಸೇರದಿದ್ದರೆ ಕ್ಷಮೆಯ ಮಾತು ಅಧಿಕಾರಸ್ಥರಿಗೆ ನುಣುಚಿಕೊಳ್ಳುವ ದಾರಿಯಾಗುತ್ತಿತ್ತು.

2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ದಾಳಿಯ ವೇಳೆ ರಾಷ್ಟ್ರಪತಿಯಾಗಿದ್ದ ಮೈತ್ರಿಪಾಲ ಸಿರಿಸೇನ ಅದನ್ನು ತಡೆಯದ ಲೋಪಕ್ಕಾಗಿ ತಮ್ಮ ಕೈಯಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. 2025ರಲ್ಲಿ ವ್ಯಾಟಿಕನ್, ಅಂದು ಮಡಿದ 167 ಕಥೋಲಿಕರ ಹೆಸರನ್ನು ವಿಶ್ವಾಸದ ಸಾಕ್ಷಿಗಳ ಪಟ್ಟಿಗೆ ಸೇರಿಸಿತು. ಸಂಚಿನ ಪೂರ್ತಿ ಸತ್ಯ ಹೊರಬರಲಿ ಎಂಬ ಬೇಡಿಕೆಯನ್ನು ಅವರ ಮನೆಯವರು ಆಮೇಲೂ ಕೈಬಿಟ್ಟಿಲ್ಲ.