ಸ್ತನ ತೆಗೆಸಿದ ಮೇಲೆ: ತೀರ್ಮಾನ ಯಾರದು?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಆರೋಗ್ಯದ ಬಗ್ಗೆ ನಾಲ್ಕು ಮಾತಾಡಲು ಪೂಜ್ಯರು ಅಪ್ಪಣೆ ಕೊಟ್ಟಾಗ ಸಕ್ಕರೆ ಕಾಯಿಲೆಯನ್ನೋ ಮಂಡಿನೋವನ್ನೋ ಆರಿಸಿಕೊಂಡಿದ್ದರೆ ನನಗೂ ಸುಲಭವಿತ್ತು, ನಿಮಗೂ ಸುಲಭವಿತ್ತು. ನಾನು ಸ್ತನದ ವಿಷಯ ಮಾತಾಡುತ್ತೇನೆ ಎಂದೆ. ಪೂಜ್ಯರು ಕೂಡಲೇ ಒಪ್ಪಿದರು. ಹಿಂದೆಮುಂದೆ ನೋಡಿದವರು ಕರಪತ್ರ ಅಚ್ಚು ಹಾಕಿಸುವವರು. ಅದರಲ್ಲಿ ‘ಮಹಿಳೆಯರ ಆರೋಗ್ಯ’ ಎಂದಷ್ಟೇ ಇದೆ. ಇರಲಿ.

ನಾನು ವೈದ್ಯಳಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ತಂದೆಯ ಇಬ್ಬರು ತಂಗಿಯರು ಐವತ್ತು ತುಂಬುವ ಮೊದಲೇ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೆ ಅವರಲ್ಲಿ ಒಬ್ಬರ ಮಗಳಿಗೂ ಅದೇ ರೋಗ ಬಂದಾಗ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಬಿಆರ್‌ಸಿಎ-1 ಎಂಬ ಜೀನಿನಲ್ಲಿ ದೋಷವಿದೆ ಎಂದರು. ನನ್ನಲ್ಲೂ ನನ್ನ ತಂಗಿಯಲ್ಲೂ ಅದೇ ದೋಷ ಸಿಕ್ಕಿತು. ಇಂಥ ನೂರು ಹೆಂಗಸರಲ್ಲಿ ಸುಮಾರು 70 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ. ರೋಗ ಬರುವ ಮೊದಲೇ ಎರಡೂ ಸ್ತನ ತೆಗೆಸಿದರೆ ಆ ಅಪಾಯ ಶೇಕಡಾ 90ರಷ್ಟು ಇಳಿಯುತ್ತದೆ. ನಾವಿಬ್ಬರೂ ತೆಗೆಸಿದೆವು.

ನಮಗೆ ಈ ಜೀನು ಬಂದದ್ದು ತಂದೆಯಿಂದ. ಅವರಿಗೆ ಯಾವ ರೋಗವೂ ಇರಲಿಲ್ಲ. ಹೆಣ್ಣಿನ ರೋಗ ತಾಯಿಯ ಕಡೆಯಿಂದಲೇ ಬರುತ್ತದೆಂದು ನಂಬಿ ಸೊಸೆಯ ತವರನ್ನು ಹಳಿಯುವ ಮನೆಗಳಿವೆ. ತಂದೆಯಿಂದ ಬರಲಿ, ತಾಯಿಯಿಂದ ಬರಲಿ, ಮಗನಿರಲಿ, ಮಗಳಿರಲಿ, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಭಾಗದಲ್ಲಿ ಗಂಡಹೆಂಡಿರಿಬ್ಬರಲ್ಲೂ ಒಂದೇ ದೋಷ ಇರಬಹುದು. ಇದರ ಜೊತೆಯ ಬಿಆರ್‌ಸಿಎ-2 ಜೀನಿನ ದೋಷ ಇಬ್ಬರಿಂದಲೂ ಮಗುವಿಗೆ ಬಂದರೆ ಫ್ಯಾಂಕೋನಿ ಅನೀಮಿಯಾ ಎಂಬ ಭಾರಿ ರೋಗವಾಗುತ್ತದೆ. ಹಾಗೆಂದು ಎಲ್ಲರೂ ಪರೀಕ್ಷೆಗೆ ಓಡಬೇಕಿಲ್ಲ. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು ನೂರಕ್ಕೆ ಐದೋ ಹತ್ತೋ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಆದವರಿದ್ದರೆ ಮೊದಲು ಅವರ ಪರೀಕ್ಷೆಯಾಗಲಿ. ದೋಷ ಕಂಡರೂ ತೆಗೆಸಲೇಬೇಕೆಂದಿಲ್ಲ. ವರ್ಷ ವರ್ಷ ಎಂಆರ್‌ಐ, ಮ್ಯಾಮೊಗ್ರಾಮ್ ಮಾಡಿಸುತ್ತ ಕಾಯುವವರೂ ಇದ್ದಾರೆ. ಅಂಡಾಶಯದ ಅಪಾಯ ಬೇರೆಯೇ ಇದೆ, ಅದನ್ನೂ ವೈದ್ಯರಲ್ಲಿ ಕೇಳಬೇಕು.

ತೆಗೆಸಿದ ಮೇಲೆ ಏನು ಎಂಬುದೇ ಇವತ್ತಿನ ನನ್ನ ಮಾತು.

ತಂಗಿ ಹೊಸ ಸ್ತನ ಕಟ್ಟಿಸಿಕೊಂಡಳು. ಮೊದಲು ಎದೆಯೊಳಗೆ ಖಾಲಿ ಚೀಲದಂಥದ್ದನ್ನು ಇಟ್ಟರು. ವಾರಕ್ಕೋ ಎರಡು ವಾರಕ್ಕೋ ಸೂಜಿಯಿಂದ ಅದಕ್ಕೆ ಸಲೈನ್ ತುಂಬುತ್ತ ಚರ್ಮ ಹಿಗ್ಗಿಸಿದರು. ಕೆಲವು ತಿಂಗಳ ಮೇಲೆ ಇನ್ನೊಂದು ಆಪರೇಷನ್ ಮಾಡಿ ಸಿಲಿಕಾನ್ ಇಂಪ್ಲಾಂಟ್ ಹಾಕಿದರು. ಒಂದೇ ಸಲಕ್ಕೆ ಮುಗಿಸುವುದೂ ಉಂಟು. ರೋಗವಿಲ್ಲದೆ ತೆಗೆಸುವವರಿಗೆ ರೇಡಿಯೇಷನ್ ಬೇಕಾಗುವುದಿಲ್ಲವಾದ್ದರಿಂದ ಚರ್ಮ ಚೆನ್ನಾಗಿರುತ್ತದೆ. ಎಷ್ಟೋ ಸಲ ಮೊಲೆತೊಟ್ಟನ್ನೂ ಉಳಿಸಬಹುದು. ಆದರೆ ಇಂಪ್ಲಾಂಟ್ ಜೀವಮಾನಕ್ಕೆ ಸಾಲುವ ವಸ್ತುವಲ್ಲ. ಸುತ್ತ ಗಟ್ಟಿ ಪೊರೆ ಬಿಗಿದು ನೋಯಬಹುದು, ಒಡೆಯಬಹುದು, ಬದಲಿಸಬೇಕಾಗಬಹುದು. ಸಿಲಿಕಾನ್ ಸ್ತನ ಮೊದಲು ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ತಕರಾರು ನಿಂತಿಲ್ಲ. ಮೇಲ್ಮೈ ಒರಟಾದ ಒಂದು ಬಗೆಯ ಇಂಪ್ಲಾಂಟಿನಿಂದ ಅಪರೂಪದ ಲಿಂಫೋಮಾ ಬರುತ್ತಿದೆಯೆಂದು ತಯಾರಕರು 2019ರಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ನುಣುಪಿನದೋ ಒರಟಿನದೋ ಎಂದು ಕೇಳಿ ತಿಳಿಯಿರಿ. ಕಂಪನಿಯ ಹೆಸರು, ನಂಬರು ಇರುವ ಕಾರ್ಡನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

ಇನ್ನೊಂದು ದಾರಿ ನಮ್ಮದೇ ಮೈಯಿಂದ ಕಟ್ಟುವುದು. ಹೊಟ್ಟೆಯ ಕೆಳಭಾಗದ ಚರ್ಮವನ್ನೂ ಕೊಬ್ಬನ್ನೂ ತೆಗೆದು, ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸಿ, ಎದೆಗೆ ಕೂಡಿಸುತ್ತಾರೆ. ತಾಸುಗಟ್ಟಲೆ ಹಿಡಿಯುವ ಕೆಲಸ, ಅದರಲ್ಲಿ ಪಳಗಿದವರೇ ಬೇಕು. ತೆಳ್ಳಗಿನವರಲ್ಲಿ ಎರಡು ಸ್ತನಕ್ಕೆ ಸಾಲುವಷ್ಟು ಸಿಗುವುದಿಲ್ಲ. ಹಳೆಯ ಪದ್ಧತಿಯಲ್ಲಿ ಹೊಟ್ಟೆಯ ಸ್ನಾಯುವನ್ನೂ ತೆಗೆಯುತ್ತಿದ್ದರು, ಹೊಟ್ಟೆ ಬಲ ಕಳೆದುಕೊಂಡು ಹರ್ನಿಯಾ ಆಗುತ್ತಿತ್ತು. ಈಗ ಸ್ನಾಯು ಉಳಿಸುವ ಡೀಪ್ ಎಂಬ ವಿಧಾನವಿದೆ. ಬೆನ್ನಿನ ಸ್ನಾಯು ತಿರುಗಿಸಿ ತರುವುದೂ ಇದೆ, ಅದರಿಂದ ಭುಜದ ಬಲ ಸ್ವಲ್ಪ ಕುಗ್ಗಬಹುದು. ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವಳು, ಕೊಡ ಹೊರುವವಳು ತನ್ನ ಕೆಲಸ ಏನೆಂದು ವೈದ್ಯರಿಗೆ ಮೊದಲೇ ಹೇಳಬೇಕು. ಅವರಾಗಿ ಕೇಳುತ್ತಾರೆಂದು ಕಾಯಬೇಡಿ.

ನಾನು ಏನನ್ನೂ ಕಟ್ಟಿಸಿಕೊಳ್ಳಲಿಲ್ಲ. ನನ್ನ ಎದೆ ಸಪಾಟಾಗಿದೆ. ಅದನ್ನೂ ಹೋರಾಡಿಯೇ ಪಡೆಯಬೇಕಾಯಿತು! “ಇನ್ನೂ ವಯಸ್ಸಿದೆ, ನಾಳೆ ಮನಸ್ಸು ಬದಲಾದೀತು, ಸ್ವಲ್ಪ ಚರ್ಮ ಬಿಟ್ಟಿರ್ತೀನಿ” ಎಂದರು ಮೊದಲು ನೋಡಿದ ವೈದ್ಯರು. ಹಾಗೆ ಬಿಟ್ಟ ಚರ್ಮ ಜೋತುಬಿದ್ದು ಗಾಯದ ಹತ್ತಿರ ಮಡಿಕೆಯಾಗುತ್ತದೆ. ನಾನು ಬೇರೆ ವೈದ್ಯರನ್ನು ಹುಡುಕಿದೆ. ಹೆಚ್ಚಿನ ಚರ್ಮ ಬಿಡಬಾರದೆಂದು ಒಪ್ಪಿಗೆ ಪತ್ರದಲ್ಲಿ ಬರೆಸಿಯೇ ಸಹಿ ಹಾಕಿದೆ. ಬೇಕೆನಿಸಿದರೆ ವರ್ಷಗಳ ಮೇಲೂ ಕಟ್ಟಿಸಬಹುದು, ಅವಸರವೇನಿಲ್ಲ.

ನಮ್ಮತ್ತೆ ಮೊದಲು ಸಿಟ್ಟಾಗಿದ್ದರು. “ರೋಗ ಇಲ್ದಾಕಿ ಕೊಯ್ಸಿಕೊಳ್ಳೋದು ಅಂದ್ರ ಏನವ್ವಾ ಇದು, ಹೊಸದರ ಹಾಕಿಸ್ಕೊ, ನಾಕು ಮಂದಿ ನೋಡ್ತಾರ” ಎಂದರು. ನಮ್ಮ ಯಜಮಾನರು ಆ ಮಾತಿಗೆ, “ಅವ್ವಾ, ನೋವು ತಿನ್ನಾಕಿ ಆಕಿ, ಆಕಿನ್ನ ಕೇಳು” ಅಂದರು. ಈಗ ನನ್ನ ಕುಪ್ಪಸದೊಳಗಿನ ಹತ್ತಿಯ ಮೆತ್ತೆಗಳನ್ನು ಹೊಲಿದುಕೊಡುವವರು ಆ ಅತ್ತೆಯೇ. ತಂಗಿಯ ಮನೆಯಲ್ಲಿ ಇದರ ತಿರುಗುಮುರುಗು. ಜೀವ ಉಳಿಯಿತಲ್ಲ, ಈ ಶೋಕಿ ಯಾಕೆ ಎಂದು ಅವಳಿಗೆ ಅಂದರು. ಕನ್ನಡಿಯಲ್ಲಿ ತನ್ನನ್ನು ತಾನು ಮೊದಲಿನಂತೆ ಕಾಣಬೇಕೆನ್ನುವುದು ಶೋಕಿಯಲ್ಲ ಎಂದು ನಾನೇ ಹೋಗಿ ಜಗಳವಾಡಿ ಬಂದೆ.

ಲಿಂಗ ಧರಿಸುವ ನಮಗೆ ಇನ್ನೊಂದು ಮಾತು. ಕಟ್ಟಿಸಿದರೂ ಬಿಟ್ಟರೂ ಎದೆಯ ಚರ್ಮ ಬಹುಮಟ್ಟಿಗೆ ಜೋಮು ಹಿಡಿದಂತೆಯೇ ಇರುತ್ತದೆ. ಬಿಸಿನೀರಿನ ಚೀಲ ಇಟ್ಟುಕೊಂಡು ಗೊತ್ತೇ ಆಗದೆ ಸುಟ್ಟುಕೊಂಡವರಿದ್ದಾರೆ. ಬೆಳ್ಳಿಯ ಕರಡಿಗೆ ಉಜ್ಜಿ ಹುಣ್ಣಾದರೂ ನೋಯುವುದಿಲ್ಲ. ಗಾಯ ಮಾಯುವವರೆಗೆ ಮೆತ್ತನೆಯ ಬಟ್ಟೆಯ ಚೀಲದಲ್ಲಿಟ್ಟು ಕುಪ್ಪಸದ ಮೇಲೆ ಧರಿಸಿ. ದಿನಕ್ಕೊಮ್ಮೆ ಕನ್ನಡಿಯಲ್ಲಿ ಚರ್ಮ ನೋಡಿಕೊಳ್ಳಿ. ಇಂಥ ಎದೆಯ ಮೇಲೆ ಲಿಂಗ ಧರಿಸಬಹುದೇ ಎಂದು ಒಬ್ಬ ತಾಯಿ ಕಣ್ಣೀರಿಟ್ಟು ಕೇಳಿದರು. ಮೈಯ ಆಕಾರ ನೋಡಿ ನಮಗೆ ಯಾರೂ ಲಿಂಗ ಕೊಟ್ಟಿಲ್ಲ ತಾಯಿ, ಎಂದೆ.

ಖರ್ಚು ದೊಡ್ಡದು. ರೋಗವೇ ಇಲ್ಲವಲ್ಲ ಎಂದು ವಿಮೆಯವರು ತಕರಾರು ತೆಗೆಯಬಹುದು, ಆಪರೇಷನ್ನಿಗೆ ಮೊದಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಪ್ರಸಾದವಾದ ಮೇಲೆ ಹಿಂದಿನ ಪಡಸಾಲೆಯಲ್ಲಿ ನಾನೂ ತಂಗಿಯೂ ಕುಳಿತಿರುತ್ತೇವೆ. ಅತ್ತೆ ಹೊಲಿದ ಮೆತ್ತೆಗಳನ್ನು ತಂದಿದ್ದೇನೆ. ಕೇಳುವುದಿದ್ದವರು, ನೋಡುವುದಿದ್ದವರು ಬನ್ನಿ. ಗಂಡಸರು ತಮ್ಮ ಮನೆಯವರನ್ನು ಕಳಿಸಿಕೊಡಿ. ತಂದೆಯ ಕಡೆಯ ವಿಚಾರ ಕೇಳುವುದಿದ್ದರೆ ನೀವೂ ಬರಬಹುದು.